ಇಕ್ಕೇರಿಯಲ್ಲಿ ಮೊದಲು ನೆಲ ನೋಡಿ

ಮೇಗರವಳ್ಳಿಯ ಹೋಂಸ್ಟೇಗಳಿಗೆ ಬರುವವರು ಆಗುಂಬೆಯ ಸೂರ್ಯಾಸ್ತ, ಕುಂದಾದ್ರಿ ಎರಡನ್ನೇ ಕೇಳುತ್ತಾರೆ. ನಾನು ಅವರಿಂದ ಒಂದು ದಿನ ಹೆಚ್ಚಿಗೆ ಕೇಳಿ ಹುಂಚ, ಇಕ್ಕೇರಿ, ಕೆಳದಿ ತೋರಿಸಿಕೊಂಡು ಬರುತ್ತೇನೆ. ಈ ಕೆಲಸದಲ್ಲಿ ಕಲಿತದ್ದು ಇಷ್ಟು.

1. ದಿನಕ್ಕೆ ಮೂರು ಊರು ಸಾಕು. ಹುಂಚಕ್ಕೆ ಬೆಳಿಗ್ಗೆಯೇ ಹೋಗಬೇಕು. 1077ರಲ್ಲಿ ಚಟ್ಟಲದೇವಿ ಕಟ್ಟಿಸಿದ ಪಂಚಕೂಟ ಬಸದಿಯನ್ನು ಗಲಾಟೆಯಿಲ್ಲದ ಹೊತ್ತಿನಲ್ಲಿ ನೋಡಿದರೇನೇ ಸರಿ.

2. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಒಳಗೆ ಕಾಲಿಟ್ಟ ಕೂಡಲೇ ಕಥೆ ಶುರುಮಾಡಬಾರದು. ಬಿಸಿಲಿನಿಂದ ಬಂದ ಕಣ್ಣಿಗೆ ಆ ಕಲ್ಲಿನ ಕತ್ತಲೆ ಒಗ್ಗಬೇಕು. ಅಲ್ಲಿಯವರೆಗೆ ನಾನು ಸುಮ್ಮನೆ ಕಂಬಕ್ಕೆ ಒರಗಿ ನಿಂತಿರುತ್ತೇನೆ.

3. ಎಲ್ಲರೂ ತಲೆ ಎತ್ತಿಯೇ ನೋಡುತ್ತಾರೆ. ನಾನು ನೆಲ ತೋರಿಸುತ್ತೇನೆ. ಕೆಳದಿಯ ಮೂವರು ಅರಸರು ಅಲ್ಲಿ ದೇವರಿಗೆ ನಮಸ್ಕಾರ ಮಾಡುತ್ತಿದ್ದಾರೆ, ಒಬ್ಬೊಬ್ಬರ ಮೇಲೂ ಹೆಸರು ಕೆತ್ತಿದೆ. ಅವರಲ್ಲಿ ಹುಚ್ಚ ಸೋಮಶೇಖರನ ಕೈಕಾಲಿಗೆ ಸಂಕೋಲೆ. ಟಾರ್ಚನ್ನು ಮೇಲಿನಿಂದ ಬಿಟ್ಟರೆ ಏನೂ ಕಾಣದು. ನೆಲದ ಮಟ್ಟಕ್ಕೆ ಹಿಡಿದು ಅಡ್ಡಕ್ಕೆ ಬೆಳಕು ಹಾಯಿಸಿದರೆ ಸವೆದ ಗೆರೆಗಳೆಲ್ಲ ಎದ್ದು ಬರುತ್ತವೆ. “ಅಯ್ಯೋ ಅಣ್ಣಾ, ತುಳಿದುಬಿಟ್ಟೆನಲ್ಲಾ!” ಎಂದು ಹಿಂದೆ ಸರಿಯುವವರಿಗೆ ಹೇಳುತ್ತೇನೆ: ಭಕ್ತರ ಪಾದಧೂಳಿ ಮೈಮೇಲೆ ಬೀಳಲೆಂದೇ ಹೀಗೆ ಮಲಗುವುದು, ಗಾಬರಿಯಾಗಬೇಡಿ.

ಇದಕ್ಕೆ ಹೋಲಿಸಲು ಇನ್ನೊಂದು ಜಾಗದ ಫೋಟೋ ತೋರಿಸುತ್ತೇನೆ. ಇಟಲಿಯ ರಾವೆನ್ನಾದಲ್ಲಿ 547ರಲ್ಲಿ ಪ್ರತಿಷ್ಠೆಯಾದ ಸಾನ್ ವಿಟಾಲೆ ಇಗರ್ಜಿ ಇದೆ. ಅದರ ಗೋಡೆಯ ಮೇಲೆ ಚಕ್ರವರ್ತಿ ಜಸ್ಟಿನಿಯನ್ ಚಿನ್ನದ ತಟ್ಟೆ ಹಿಡಿದು, ರಾಣಿ ಥಿಯೊಡೋರಾ ಪಾನಪಾತ್ರೆ ಹಿಡಿದು ನಿಂತಿದ್ದಾರೆ. ಇಬ್ಬರ ತಲೆಯ ಹಿಂದೆಯೂ ಪ್ರಭಾವಳಿ. ಗಾಜಿನ ಸಣ್ಣ ಸಣ್ಣ ಚೂರುಗಳನ್ನು ತುಸು ಓರೆಯಾಗಿ ಕೂರಿಸಿ ಮಾಡಿದ ಆ ಮೊಸಾಯಿಕ್ ಬೆಳಕು ಬಿದ್ದತ್ತ ಮಿನುಗುತ್ತದೆ. ಅವರೂ ದೇವರಿಗೆ ಕಾಣಿಕೆ ತಂದವರೇ. ಆದರೆ ಅಲ್ಲಿ ದೊರೆಯನ್ನು ನಾವು ಕತ್ತೆತ್ತಿ ನೋಡಬೇಕು, ಇಕ್ಕೇರಿಯಲ್ಲಿ ಬಗ್ಗಿ ನೋಡಬೇಕು. ಇಷ್ಟು ಹೇಳಿದರೆ ಮಕ್ಕಳೂ ಮಂಡಿಯೂರಿ ಹೆಸರು ಓದಲು ಕೂರುತ್ತಾರೆ. ನನಗೆ ಇಕ್ಕೇರಿಯ ಅರಸರೇ ದೊಡ್ಡವರಾಗಿ ಕಾಣುತ್ತಾರೆ.

4. ಗರ್ಭಗುಡಿಯ ಮುಕ್ಕಾಲು ಭಾಗ ತುಂಬಿರುವ ಪೀಠವನ್ನು ಮರೆಯದೆ ತೋರಿಸಬೇಕು. ಸುತ್ತ ಕುಳಿತ ದೇವಿಯರು 32. ಇಷ್ಟು ದೊಡ್ಡ ಪೀಠದ ಮೇಲಿದ್ದ ಮೂರ್ತಿ ಎಷ್ಟು ದೊಡ್ಡದಿತ್ತೋ, ಅದನ್ನು ನೋಡುವವರೇ ಅಂದಾಜು ಮಾಡಲಿ. ಅರ್ಚಕರನ್ನು ಕೇಳದೆ ಹೊಸ್ತಿಲ ಹತ್ತಿರ ಯಾರನ್ನೂ ಬಿಡುವುದಿಲ್ಲ.

5. ಕೆಳದಿಗೆ ಹೋಗುವ ಹೊತ್ತಿಗೆ ಎಲ್ಲರಿಗೂ ಸುಸ್ತು. ವೀರಭದ್ರ ಗುಡಿಯ ಚಾವಣಿಯ ಗಂಡಭೇರುಂಡ, ಎದುರಿನ ಕಂಬದಲ್ಲಿ ರಾಣಿ ಚೆನ್ನಮ್ಮಾಜಿ, ಇಷ್ಟು ಸಾಕು. ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟವಳು ಆಕೆ. ಈ ಕಥೆಯನ್ನು ಕಂಬದ ಬುಡದಲ್ಲಿ ನಿಂತೇ ಹೇಳಬೇಕು, ಜೀಪಿನಲ್ಲಿ ಅಲ್ಲ.

6. ಮಳೆಗಾಲದಲ್ಲಿ ಇಕ್ಕೇರಿಯ ಗುಡಿಯೊಳಗೆ ಹೋಗುವ ಮುನ್ನ ಕಾಲು ಒರೆಸಿಕೊಳ್ಳಲು ಒಣ ಬಟ್ಟೆ ಕೊಡಿ. ಒದ್ದೆ ಕಾಲಿನ ಕೆಸರು ನೆಲದ ಆ ಅಕ್ಷರಗಳಲ್ಲಿ ಕೂತುಬಿಡುತ್ತದೆ.