ನಿವೇಶನ ಖರೀದಿಗೆ ಮುನ್ನ ಪರಿಶೀಲಿಸಬೇಕಾದ ದಾಖಲೆಗಳು



ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳಲ್ಲಿ ಕಬ್ಬು, ಭತ್ತದ ಜಮೀನುಗಳ ನಡುವೆ ನಿವೇಶನದ ಕಲ್ಲುಗಳು ಕಾಣುತ್ತಿವೆ. ಕ್ರಯಪತ್ರ ನೋಂದಣಿಯಾದರೆ ಎಲ್ಲವೂ ಸಕ್ರಮವೆಂಬ ನಂಬಿಕೆ ಜನರಲ್ಲಿದೆ. ನೋಂದಣಿಯು ವ್ಯವಹಾರವನ್ನು ದಾಖಲಿಸುತ್ತದೆಯೇ ಹೊರತು ಬಡಾವಣೆಗೆ ಅನುಮೋದನೆ ನೀಡುವುದಿಲ್ಲ. ಆದ್ದರಿಂದ ಕೆಳಕಂಡ ಅಂಶಗಳನ್ನು ಗ್ರಾಮಸ್ಥರಿಗೆ ತಿಳಿಸತಕ್ಕದ್ದು.

1. ಹಕ್ಕು: ಪಹಣಿ ಮತ್ತು ಋಣಭಾರ ಪ್ರಮಾಣಪತ್ರ ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾಗಿದ್ದಲ್ಲಿ, 1978ರ ಅಧಿನಿಯಮದಂತೆ ಸರ್ಕಾರದ ಪೂರ್ವಾನುಮತಿಯಿಲ್ಲದ ಮಾರಾಟ ಊರ್ಜಿತವಾಗದು.

2. ಭೂಪರಿವರ್ತನೆ: ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಪ್ರಕರಣ 95ರಡಿ ವಾಸದ ಉದ್ದೇಶಕ್ಕೆ ಪರಿವರ್ತನೆಯಾಗಿರಬೇಕು.

3. ವಿನ್ಯಾಸ ನಕ್ಷೆ: ಸಕ್ಷಮ ಯೋಜನಾ ಪ್ರಾಧಿಕಾರದ ಅನುಮೋದನೆ ಇರಬೇಕು. ನಕ್ಷೆಯಲ್ಲಿನ ರಸ್ತೆ, ಉದ್ಯಾನದ ಜಾಗವನ್ನು ಸ್ಥಳದಲ್ಲಿ ಹೋಲಿಸಿ ನೋಡಬೇಕು.

4. ರೇರಾ ನೋಂದಣಿ: 2016ರ ಅಧಿನಿಯಮದಂತೆ 500 ಚದರ ಮೀಟರ್ ಮೀರಿದ ಬಡಾವಣೆಯನ್ನು ನೋಂದಣಿಯಿಲ್ಲದೆ ಜಾಹೀರಾತು ಮಾಡುವಂತಿಲ್ಲ, ಮಾರುವಂತಿಲ್ಲ. ಐದು ಗುಂಟೆಯೆಂದರೆ ಸುಮಾರು 506 ಚದರ ಮೀಟರ್. ಹೀಗಾಗಿ ಅರ್ಧ ಎಕರೆಯ ಬಡಾವಣೆಗೂ ನೋಂದಣಿ ಬೇಕು. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ.

ಕೊನೆಯದಾಗಿ, ಇ-ಸ್ವತ್ತು ತಂತ್ರಾಂಶದ ನಮೂನೆ-9 ಮತ್ತು 11ಎ ಪರಿಶೀಲಿಸಬೇಕು. ತೆರಿಗೆ ರಸೀದಿ ಅನುಮೋದನೆಯಲ್ಲ.

ಮುಂಗಡ ಕೊಡುವ ಮುನ್ನ ಬಂದವರಿಗೆ ಪಂಚಾಯಿತಿ ದಾಖಲೆ ತೋರಿಸಬಲ್ಲದು. ಉಳಿತಾಯವೆಲ್ಲ ಕೊಟ್ಟ ಮೇಲೆ ಬಂದವರಿಗೆ ನೆರವಾಗುವುದು ಕಷ್ಟ. ಮುಂದಿನ ಗ್ರಾಮ ಸಭೆಯಲ್ಲಿ ಈ ಪಾಠವನ್ನು ಓದಿ ಹೇಳಲು ಕೋರಿದೆ.