ಸವೆತದ ಲೆಕ್ಕ

ಗೃಹಸ್ಥನು ತನ್ನ ಆಯವ್ಯಯವನ್ನು ಬರೆದಿಡುವಾಗ ಕಾರಿನ ಸಾಲದ ಕಂತು, ವಿಮೆಯ ಹಣ, ಪೆಟ್ರೋಲಿನ ವೆಚ್ಚ ಇವುಗಳಿಗೆ ತಪ್ಪದೆ ಒಂದೊಂದು ಪಂಕ್ತಿಯನ್ನು ಮೀಸಲಿಡುತ್ತಾನೆ. ಆದರೆ ವಾಹನವು ಓಡುತ್ತ ಓಡುತ್ತ ತನ್ನ ಅಂಗಾಂಗಗಳಿಂದಲೇ ತೆರುತ್ತಿರುವ ಸವೆತವೆಂಬ ವೆಚ್ಚವು, ದಿನದಿನಕ್ಕೆ ಕಣ್ಣಿಗೆ ಕಾಣದಷ್ಟು ಅಲ್ಪಾಲ್ಪವಾಗಿ ಬೆಳೆಯತಕ್ಕದ್ದಾದುದರಿಂದ, ಆ ಪುಟವನ್ನು ಸೇರುವುದು ಅಪೂರ್ವ. ಕಾರಿನ ಮುಂದಿನ ಚಕ್ರಗಳ ಡಿಸ್ಕ್ ಬ್ರೇಕಿನ ಪ್ಯಾಡುಗಳನ್ನು ಈಚೆಗೆ ಬದಲಾಯಿಸಿದ ಪ್ರಸಂಗದಲ್ಲಿ ನನಗೆ ದೃಢಪಟ್ಟ ಅಭಿಪ್ರಾಯವೊಂದನ್ನು ಇಲ್ಲಿ ನಿವೇದಿಸುತ್ತೇನೆ: ಸವೆಯುವ ವಸ್ತುವಿನ ಮೇಲೆ ಹಣವನ್ನು ವ್ಯಯಿಸತಕ್ಕವನು ಭಯದಿಂದ ಅವಸರಿಸಬಾರದು, ಆಲಸ್ಯದಿಂದ ತಡಮಾಡಲೂಬಾರದು; ಅಳೆದು ವ್ಯಯಿಸಬೇಕು.

ಈ ಬ್ರೇಕಿನ ಧರ್ಮ ಸರಳವಾದದ್ದು. ಪೆಡಲನ್ನು ಒತ್ತಿದೊಡನೆ ಬ್ರೇಕ್ ಆಯಿಲಿನ ಒತ್ತಡವು ಕ್ಯಾಲಿಪರಿನೊಳಗಿನ ಪಿಸ್ಟನ್ನನ್ನು ತಳ್ಳಿ, ಚಕ್ರದೊಡನೆ ತಿರುಗುತ್ತಿರುವ ಬೀಡುಕಬ್ಬಿಣದ ಡಿಸ್ಕನ್ನು ಎರಡು ಪಕ್ಕಗಳಿಂದಲೂ ಪ್ಯಾಡುಗಳು ಅದುಮಿ ಹಿಡಿಯುವಂತೆ ಮಾಡುತ್ತದೆ. ಗಾಡಿಯ ವೇಗವೆಲ್ಲ ಘರ್ಷಣೆಯಿಂದ ಉಷ್ಣವಾಗಿ ಪರಿಣಮಿಸಿ ಗಾಳಿಯಲ್ಲಿ ಲೀನವಾಗುತ್ತದೆ. ಆಗ ವಾಹನದ ಭಾರವು ಮುಂದಕ್ಕೆ ವಾಲುವುದರಿಂದ ಈ ದುಡಿಮೆಯ ಬಹುಭಾಗ ಮುಂದಿನ ಚಕ್ರಗಳ ಪಾಲಿನದು. ನಮ್ಮ ಸಣ್ಣ ಕಾರುಗಳಲ್ಲಿ ಅನೇಕವು ಮುಂದೆ ಡಿಸ್ಕನ್ನೂ ಹಿಂದೆ ಡ್ರಮ್ಮನ್ನೂ ಹೊಂದಿರುವುದು ಇದಕ್ಕೆ ಅನುಗುಣವಾಗಿಯೇ. ಪಾದಕ್ಕೆ ಬದಲಾಗಿ ಮೆಟ್ಟು ಸವೆಯುವಂತೆ ಡಿಸ್ಕಿಗೆ ಬದಲಾಗಿ ಪ್ಯಾಡು ಸವೆಯಲೆಂಬುದು ಇದನ್ನು ನಿರ್ಮಿಸಿದವರ ಸಂಕಲ್ಪ. ಹೊಸ ಪ್ಯಾಡಿನ ಘರ್ಷಣಪದಾರ್ಥವು ಸಾಮಾನ್ಯವಾಗಿ 10 ಮಿಲಿಮೀಟರಿನಷ್ಟು ದಪ್ಪವಿರುತ್ತದೆ. ಅದು 3 ಮಿಲಿಮೀಟರಿಗೆ ಇಳಿದಾಗ ಬದಲಾಯಿಸುವುದು ವಾಡಿಕೆ. ಅಷ್ಟು ಸವೆದ ಮೇಲೆ ಡಿಸ್ಕಿಗೆ ತಾಗಿ ಕೀರಲುಧ್ವನಿಯಿಂದ ಎಚ್ಚರಿಸುವ ಲೋಹದ ಪಟ್ಟಿಯೊಂದು ಅನೇಕ ಪ್ಯಾಡುಗಳಲ್ಲಿರುತ್ತದೆ. ಆ ಎಚ್ಚರಿಕೆಯನ್ನು ಅಲಕ್ಷಿಸಿದರೆ ಪ್ಯಾಡಿನ ಬೆನ್ನಿನ ಉಕ್ಕಿನ ಫಲಕವು ಡಿಸ್ಕನ್ನೇ ಕೊರೆಯತೊಡಗುತ್ತದೆ. ಆಮೇಲೆ ಹಣವೂ ಹೆಚ್ಚು ಬೇಕು, ಪ್ರಾಣವೂ ಅಪಾಯಕ್ಕೆ ಸಿಲುಕುತ್ತದೆ.

ವಿಳಂಬದ ನಷ್ಟ ಹೀಗಿದ್ದರೆ ಅವಸರದ ನಷ್ಟವೂ ಒಂದುಂಟು. ನನ್ನ ಕಾರನ್ನು ಸರ್ವೀಸಿಗೆ ಒಪ್ಪಿಸಿದಾಗ, ಪ್ಯಾಡುಗಳೊಡನೆ ಎರಡು ಡಿಸ್ಕುಗಳನ್ನೂ ಬದಲಾಯಿಸಬೇಕೆಂದು ಅಲ್ಲಿಯವರು ಬರೆದುಕೊಟ್ಟ ಅಂದಾಜು ಸುಮಾರು 8,000 ರೂಪಾಯಿ ಮುಟ್ಟಿತ್ತು. ಬಳಸಬಹುದಾದ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚೊತ್ತಿರುತ್ತಾರೆಂಬುದನ್ನು ನಾನು ಬಲ್ಲವನಾದುದರಿಂದ, ಮೈಕ್ರೋಮೀಟರನ್ನು ತರಿಸಿ ನನ್ನೆದುರಿಗೇ ಅಳೆಯಬೇಕೆಂದು ವಿನಯದಿಂದ ಕೇಳಿದೆನು. ಎರಡು ಡಿಸ್ಕುಗಳೂ ಆ ಮಿತಿಗಿಂತ ಸಾಕಷ್ಟು ದಪ್ಪವಾಗಿಯೇ ಇದ್ದವು. ಆಳವಾದ ಗೀರುಗಳಿರಲಿಲ್ಲ, ಬ್ರೇಕು ಹಿಡಿದಾಗ ಪೆಡಲು ನಡುಗುತ್ತಲೂ ಇರಲಿಲ್ಲ. ಡಿಸ್ಕುಗಳು ಅಂದಾಜಿನ ಪಟ್ಟಿಯಿಂದ ಬಿದ್ದುಹೋದವು. ಎರಡು ಚಕ್ರಗಳಿಗೂ ಸೇರಿ ನಾಲ್ಕು ಪ್ಯಾಡುಗಳ ಒಂದು ಸೆಟ್ಟಿಗೆ ನಾನು ತೆತ್ತದ್ದು 1,700 ರೂಪಾಯಿ.

ಜೋಡಿಸುವ ಕೆಲಸವನ್ನು ಪರಿಚಿತನಾದ ಮೆಕ್ಯಾನಿಕ್‌ನಿಂದ ಮನೆಯ ಅಂಗಳದಲ್ಲಿ ಮಾಡಿಸಿ, ಅವನ ಜೊತೆಯಲ್ಲಿ ಕುಳಿತು ಕೈಜೋಡಿಸಿದೆನಾಗಿ, ಕೂಲಿಯ ಹಣ ಯಾವುದಕ್ಕೆ ಸಲ್ಲುತ್ತದೆಂಬುದು ಮನದಟ್ಟಾಯಿತು. ಕಾರನ್ನು ಬರಿಯ ಜಾಕಿನ ಮೇಲೆ ನಂಬಿ ಬಿಡದೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರವನ್ನು ಕಳಚಿ, ಕ್ಯಾಲಿಪರಿನ ಕೆಳಗಿನ ಬೋಲ್ಟನ್ನು ಬಿಚ್ಚಿ ಕ್ಯಾಲಿಪರನ್ನು ಮೇಲಕ್ಕೆತ್ತಿದಾಗ ಹಳೆಯ ಪ್ಯಾಡುಗಳು ಕೈಗೆ ಬಂದವು. ಒಂದು ಚಕ್ರದಲ್ಲಿ ಒಳಗಿನ ಪ್ಯಾಡು ಹೊರಗಿನದಕ್ಕಿಂತ ಬಹಳ ತೆಳುವಾಗಿತ್ತು. ಕ್ಯಾಲಿಪರು ಜಾರಬೇಕಾದ ಸ್ಲೈಡ್ ಪಿನ್ನು ಒಣಗಿ ತುಕ್ಕು ಹಿಡಿದದ್ದೇ ಇದರ ಕಾರಣ. ಅದನ್ನು ಉಜ್ಜಿ, ತಕ್ಕ ಗ್ರೀಸನ್ನು ಸವರದೆ ಹೊಸ ಪ್ಯಾಡನ್ನು ಕೂರಿಸಿದ್ದರೆ ಅದೂ ಅದೇ ರೀತಿ ಅರ್ಧಾಯುಷ್ಯದಲ್ಲಿ ಮುಗಿಯುತ್ತಿತ್ತು. ಅನಂತರ ಮೆಕ್ಯಾನಿಕನು ಪಿಸ್ಟನ್ನನ್ನು ಕ್ಲಾಂಪಿನಿಂದ ಮೆಲ್ಲಗೆ ಹಿಂದಕ್ಕೊತ್ತಿ, ಆಯಿಲು ಡಬ್ಬಿಯಿಂದ ಉಕ್ಕದಂತೆ ನೋಡಿಕೊಂಡು, ಪ್ಯಾಡುಗಳನ್ನು ಕೂರಿಸಿ, ಎಲ್ಲವೂ ಮುಗಿದ ಮೇಲೆ ಕಾರನ್ನು ಕದಲಿಸುವುದಕ್ಕೆ ಮುಂಚೆ ಪೆಡಲು ಗಟ್ಟಿಯಾಗುವವರೆಗೆ ಪದೇ ಪದೇ ಒತ್ತಿದನು. ಇದನ್ನು ಮರೆತರೆ ಮೊದಲ ಒತ್ತಿಗೆ ಬ್ರೇಕೇ ಹಿಡಿಯಲಾರದು. ಪ್ಯಾಡುಗಳನ್ನು ತುರುಕಿ ಹೋಗುವವನ 200 ರೂಪಾಯಿಗಿಂತ ಇಂಥ ಶ್ರದ್ಧೆಗೆ ಕೊಟ್ಟ 600 ರೂಪಾಯಿ ನಿಜವಾದ ಮಿತವ್ಯಯ.

ಇನ್ನು ಕೊಳ್ಳುವವರಿಗೆ ಕೆಲವು ಮಾತು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಒಂದೇ ಕಾರಿಗೆ ಹಲವು ಬೆಲೆಯ ಪ್ಯಾಡುಗಳು ದೊರೆಯುತ್ತವೆ. ತಯಾರಕರ ಹೆಸರು, ಮುದ್ರಿತ ಬೆಲೆ, ಬಿಲ್ಲು ಇವಿಲ್ಲದ್ದನ್ನು ಎಷ್ಟೇ ಅಗ್ಗವಾದರೂ ಮುಟ್ಟಲಾಗದು. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿರುವುದರಿಂದ ಬಿಲ್ಲಿನಲ್ಲಿ ತೆರಿಗೆಯ ದರವನ್ನು ಓದಿ ನೋಡುವುದು ಯುಕ್ತ. ಸಹಜವಾದ ಸವೆತಕ್ಕೆ ವಿಮೆ ಹಣ ಕೊಡುವುದಿಲ್ಲ. ಜೀರೋ ಡೆಪ್ರಿಸಿಯೇಷನ್ ಪಾಲಿಸಿಯೂ ಇದಕ್ಕೆ ಒದಗದು. ಆದಕಾರಣ ಪ್ಯಾಡು, ಟೈರು, ಬ್ಯಾಟರಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕಾದ ಬ್ರೇಕ್ ಆಯಿಲು ಇವುಗಳಿಗಾಗಿ ತಿಂಗಳಿಗೆ 1,000 ರೂಪಾಯಿಯನ್ನು ಬೇರೆ ಖಾತೆಯಲ್ಲಿ ಕೂಡಿಡುವುದು ನನ್ನ ಪದ್ಧತಿ. ಆಗುಂಬೆ, ಚಾರ್ಮಾಡಿಗಳಂಥ ಘಾಟಿಯನ್ನು ಇಳಿಯುವಾಗ ಕೆಳಗಿನ ಗೇರಿನಲ್ಲಿ ಎಂಜಿನ್ನಿಗೆ ವೇಗವನ್ನು ತಡೆಯಗೊಟ್ಟರೆ ಪ್ಯಾಡಿನ ಆಯುಷ್ಯ ಬೆಳೆಯುತ್ತದೆ, ಬ್ರೇಕು ಕಾದು ಸೋಲುವ ಅಪಾಯವೂ ತಗ್ಗುತ್ತದೆ.

ಓದುಗರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಮುಂದಿನ ಸರ್ವೀಸಿನಲ್ಲಿ ಪ್ಯಾಡು ಎಷ್ಟು ಮಿಲಿಮೀಟರ್ ಉಳಿದಿದೆ, ಡಿಸ್ಕು ಎಷ್ಟು ದಪ್ಪವಿದೆ ಎಂಬ ಎರಡು ಸಂಖ್ಯೆಗಳನ್ನು ಬಿಲ್ಲಿನ ಮೇಲೆ ಬರೆಯಿಸಿಕೊಂಡು, ಆಮೇಲೆ ಹಣವನ್ನು ಎಣಿಸಿ.