ಬೆಂಚು ಖಾಲಿ, ಕಟ್ಟೆ ಭರ್ತಿ

ನಿಮ್ಮೂರು ಕೆಂಚನಗುಡ್ಡದ ಹೊಸ ಬೆಂಚುಗಳಲ್ಲಿ ಯಾರೂ ಕೂರುವುದಿಲ್ಲ, ಹಳೆಯ ಬೇವಿನ ಕಟ್ಟೆ ಮಾತ್ರ ತುಂಬಿರುತ್ತದೆ ಎಂದು ಪತ್ರದಲ್ಲಿ ಬರೆದಿದ್ದೀರಿ. ಏಕೆ ಎಂಬುದಕ್ಕೆ ಉತ್ತರ ಆ ಕಟ್ಟೆಯಲ್ಲೇ ಇದೆ.

ಬಳ್ಳಾರಿ ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ಕಾದ ಸಿಮೆಂಟು ಸಂಜೆಯಾದರೂ ಆರುವುದಿಲ್ಲ. ಮೊದಲು ನೆರಳು, ಆಮೇಲೆ ಆಸನ. ಪಶ್ಚಿಮಕ್ಕೆ ಬೇವು, ಹೊಂಗೆ ನೆಡಿ. ಇನ್ನೊಂದು ದೋಷ, ಸಾಲಾಗಿ ಹಾಕಿದ ಬೆಂಚು. ಬಸ್ಸಿಗೆ ಕಾಯುವವರಂತೆ ಒಂದೇ ಕಡೆ ನೋಡುತ್ತ ಯಾರು ಹರಟುತ್ತಾರೆ? ಕಟ್ಟೆಯ ಮೂಲೆಯಲ್ಲಿ ಮುಖ ಎದುರಾಗುತ್ತದೆ, ಬೇಡವೆಂದರೆ ತಿರುಗಿ ಕೂರಬಹುದು. ಒಂದೂವರೆ ಅಡಿ ಎತ್ತರ ಸಾಕು, ಮುದುಕರಿಗೂ ಏಳಲು ಸಲೀಸು.

ನ್ಯೂಯಾರ್ಕಿನ ಚೌಕಗಳನ್ನು ವರ್ಷಗಟ್ಟಲೆ ಗಮನಿಸಿದ ವಿಲಿಯಂ ವೈಟ್ 1980ರಲ್ಲಿ ಬರೆದದ್ದೂ ಇಷ್ಟೇ: ಕೂರಲು ಜಾಗವಿದ್ದಲ್ಲಿ ಜನ ಕೂರುತ್ತಾರೆ, ಜನರಿದ್ದಲ್ಲಿಗೇ ಜನ ಬರುತ್ತಾರೆ. ಆದ್ದರಿಂದ ಬೆಂಚುಗಳ ಸುತ್ತ ಬೇಲಿಯಿದ್ದರೆ ತೆಗೆಯಿರಿ. ಗದ್ದೆಗೆ, ತುಂಗಭದ್ರೆಯ ದಡಕ್ಕೆ ಹೋಗುವವರ ದಾರಿಗೆ ಜಾಗ ತೆರೆದಿರಲಿ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ನಿಮ್ಮ ಪತ್ರದಲ್ಲಿ ಹೆಂಗಸರೇ ಇಲ್ಲ! ಕಟ್ಟೆ ಗಂಡಸರದಾದರೆ ಹೆಂಗಸರೆಲ್ಲಿ ಕೂರಬೇಕು? ನೀರಿನ ನಲ್ಲಿಯ ಪಕ್ಕವೋ, ಅಂಗನವಾಡಿಯ ಎದುರೋ ದೀಪವಿರುವ ಇನ್ನೊಂದು ಕಟ್ಟೆ ಕಟ್ಟಿಸಿ. ಎಲ್ಲಿ ಎಂಬುದನ್ನು ಅವರನ್ನೇ ಕೇಳಿ.